‘ಆಲ್ ಅಬೌಟ್ ಈವ್’ ಚಿತ್ರದ ನಡುವೆ ಬರ್ಡಿ ಎಲ್ಲಿಗೆ ಹೋದಳು? ಥೆಲ್ಮಾ ರಿಟರ್ ಬಗ್ಗೆ ಮಾತನಾಡೋಣ

ಹಳೆಯ ಪ್ರೊಜೆಕ್ಟರ್ (ಚರ್ಚೆ ಆರಂಭಿಸಿದವರು)

ಮೊನ್ನೆ ರಾತ್ರಿ ‘ಆಲ್ ಅಬೌಟ್ ಈವ್’ (1950) ಮತ್ತೊಮ್ಮೆ ನೋಡಿದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ನನಗೆ ಕಸಿವಿಸಿಯಾಗುತ್ತದೆ. ಮಾರ್ಗೋ ಮನೆಯ ಔತಣಕೂಟ ಮುಗಿಯುತ್ತದೆ, ಕಥೆ ಮುಂದಕ್ಕೆ ಓಡುತ್ತದೆ, ಬರ್ಡಿ ಮಾತ್ರ ಮತ್ತೆ ಬರುವುದೇ ಇಲ್ಲ. ಅವಳು ಕೆಲಸ ಬಿಟ್ಟಳೇ, ಮಾರ್ಗೋ ಬಿಡಿಸಿದಳೇ, ಯಾರೂ ಒಂದು ಮಾತು ಹೇಳುವುದಿಲ್ಲ.

ಚಿತ್ರ ನೋಡದವರಿಗಾಗಿ: ಮಾರ್ಗೋ ಚಾನಿಂಗ್ ನ್ಯೂಯಾರ್ಕ್‌ನ ದೊಡ್ಡ ರಂಗನಟಿ. ಆ ಪಾತ್ರ ಬೆಟ್ಟಿ ಡೇವಿಸ್ ಅವರದು. ಬರ್ಡಿ ಅವಳ ಉಡುಗೆ ತೊಡುಗೆ ನೋಡಿಕೊಳ್ಳುವವಳು, ಹಿಂದೊಮ್ಮೆ ತಾನೂ ವಾಡೆವಿಲ್ (ಹಾಡು, ಕುಣಿತ, ಹಾಸ್ಯ ಬೆರೆತ ಪ್ರದರ್ಶನ) ವೇದಿಕೆ ಏರಿದವಳು. ಈವ್ ಎಂಬ ಹುಡುಗಿ ಗ್ರೀನ್ ರೂಮಿಗೆ ಬಂದು ತನ್ನ ದುಃಖದ ಕಥೆ ಹೇಳುತ್ತಾಳೆ. ಎಲ್ಲರ ಮನಸ್ಸೂ ಕರಗುತ್ತದೆ. ಕಥೆ ಮುಗಿದ ಮೇಲೆ ಬರ್ಡಿ, ಬೇಟೆನಾಯಿಗಳು ಬೆನ್ನಟ್ಟಿ ಬರುವುದೊಂದು ಬಾಕಿ ಇತ್ತು ಎನ್ನುವ ಅರ್ಥದ ಒಂದು ಮಾತನ್ನು ಎಸೆಯುತ್ತಾಳೆ. ಮಾರ್ಗೋ ಗದರುತ್ತಾಳೆ, ಬರ್ಡಿ ಕ್ಷಮೆ ಕೇಳುತ್ತಾಳೆ. ಆದರೆ ಈವ್ ಯಾರೆಂಬುದನ್ನು ಮೊದಲು ಕಂಡುಕೊಂಡವಳು ಅವಳೇ. ಆಮೇಲೆ ಮಲಗುವ ಕೋಣೆಯಲ್ಲಿ ಮಾರ್ಗೋಗೆ ಎಚ್ಚರಿಕೆ ಕೊಡುವವಳೂ ಅವಳೇ: ಈ ಹುಡುಗಿ ನಿನ್ನನ್ನು ಪುಸ್ತಕದ ಹಾಗೆ, ಕಟ್ಟಡದ ನಕ್ಷೆಯ ಹಾಗೆ ಓದುತ್ತಿದ್ದಾಳೆ ಎಂದು.

ಆ ದೃಶ್ಯದಲ್ಲಿ ಬರ್ಡಿಯಾಗಿ ನಟಿಸಿದ ಥೆಲ್ಮಾ ರಿಟರ್ ಅವರ ಮುಖವನ್ನು ಗಮನಿಸಿ. ಮಾರ್ಗೋ ಪ್ರಶ್ನೆ ಕೇಳಿದಾಗ ಅವರು ತಕ್ಷಣ ಉತ್ತರಿಸುವುದಿಲ್ಲ. ನಿನಗೆ ಬೇಕಾದದ್ದು ಜಗಳವೋ ಉತ್ತರವೋ ಎಂದು ಮೊದಲು ಕೇಳುತ್ತಾರೆ. ಹತ್ತಾರು ವರ್ಷ ಒಬ್ಬರ ಮನೆಯಲ್ಲಿ ದುಡಿದ ಹೆಂಗಸು ಹೀಗೆಯೇ ಮಾತನಾಡುತ್ತಾಳೆ. ಪ್ರೀತಿ, ಸಲುಗೆ, ಬೇಸರ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ.

ಈ ನಟಿಗೆ ಪೋಷಕ ನಟಿ ವಿಭಾಗದಲ್ಲಿ ಆರು ಸಲ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಆರು ಸಲವೂ ಪ್ರಶಸ್ತಿ ಬೇರೆಯವರ ಪಾಲಾಯಿತು. ಅವರ ಚಿತ್ರಗಳನ್ನು ನೋಡಿದವರು ದಯವಿಟ್ಟು ಬರೆಯಿರಿ. ಬರ್ಡಿ ಎಲ್ಲಿಗೆ ಹೋದಳು ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಅದನ್ನೂ ಬರೆಯಿರಿ.

ಸಂಕಲನದ ಮೇಜು

ನನ್ನ ಪ್ರಕಾರ ಬರ್ಡಿ ಕಣ್ಮರೆಯಾಗಿದ್ದು ಬರವಣಿಗೆಯ ಅನಿವಾರ್ಯತೆ. ಈವ್ ಎಂಥವಳೆಂಬುದು ಮಾರ್ಗೋಗೇ ತಿಳಿದ ಮೇಲೆ ಬರ್ಡಿಯ ಕಣ್ಣು ಮಾರ್ಗೋಗೆ ಬಂದಿರುತ್ತದೆ. ಒಂದೇ ಸತ್ಯವನ್ನು ಇಬ್ಬರು ಹೇಳುತ್ತಿದ್ದರೆ ದೃಶ್ಯ ಸಡಿಲವಾಗುತ್ತದೆ. ಬರೆದು ನಿರ್ದೇಶಿಸಿದ ಜೋಸೆಫ್ ಮ್ಯಾಂಕೀವಿಚ್ ಅವರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು.

ಹಳೆಯ ಪ್ರೊಜೆಕ್ಟರ್

ಕಥೆಯ ಲೆಕ್ಕಕ್ಕೆ ನೀವು ಹೇಳುವುದು ಸರಿ. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಮಾರ್ಗೋ ಕೊನೆಯಲ್ಲಿ ನೆಮ್ಮದಿ ಕಂಡುಕೊಳ್ಳುತ್ತಾಳೆ, ಮದುವೆಯಾಗುತ್ತಾಳೆ. ಅದನ್ನು ನೋಡುವ ಹಕ್ಕು ಬರ್ಡಿಗೆ ಇರಲಿಲ್ಲವೇ? ಬಾಗಿಲ ಬಳಿ ಕೋಟು ಹಿಡಿದು ನಿಂತಿದ್ದರೂ ಸಾಕಿತ್ತು.

ನ್ಯೂಜೆರ್ಸಿಯಿಂದ

ನಮಸ್ಕಾರ. ನಾನಿರುವುದು ಬ್ರೂಕ್ಲಿನ್‌ಗೆ ಹತ್ತಿರ. ಥೆಲ್ಮಾ ರಿಟರ್ ಹುಟ್ಟಿದ್ದು ಅಲ್ಲಿಯೇ, 1902ರ ಫೆಬ್ರವರಿ 14ರಂದು. ತೀರಿಕೊಂಡದ್ದು 1969ರ ಫೆಬ್ರವರಿ 5ರಂದು, ನ್ಯೂಯಾರ್ಕ್‌ನಲ್ಲಿ. ಅವರ ದನಿಯಲ್ಲಿ ಇರುವುದು ಆ ಊರಿನದೇ ಮಾತು. ನಮ್ಮಲ್ಲಿ ಒಬ್ಬರು ಬಾಯಿ ತೆರೆದ ಕೂಡಲೇ ಇವರು ಧಾರವಾಡದವರು, ಇವರು ಕುಂದಾಪುರದವರು ಎಂದು ತಿಳಿಯುತ್ತದಲ್ಲ, ಹಾಗೆ. ಹಾಲಿವುಡ್ ಆ ಕಾಲದಲ್ಲಿ ತನ್ನ ನಾಯಕಿಯರಿಗೆ ಊರಿನ ಗುರುತು ಸಿಗದಂಥ ನಯವಾದ ಉಚ್ಚಾರಣೆ ಕಲಿಸುತ್ತಿತ್ತು. ರಿಟರ್ ಅವರ ಕರಕರ ದನಿಯನ್ನು ಯಾರೂ ತಿದ್ದಲಿಲ್ಲ. ಆ ದನಿಗಾಗಿಯೇ ಅವರನ್ನು ಕರೆಯುತ್ತಿದ್ದರು.

ಹಲವರಿಗೆ ಗೊತ್ತಿಲ್ಲದ ಸಂಗತಿ ಎಂದರೆ ಅವರು ಪರದೆಗೆ ಬಂದದ್ದು 45ನೆಯ ವಯಸ್ಸಿನಲ್ಲಿ. ಅಮೆರಿಕನ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ಸ್‌ನಲ್ಲಿ ಕಲಿತಿದ್ದರು, ನಾಟಕಗಳಲ್ಲಿ ದುಡಿದಿದ್ದರು. 1927ರಲ್ಲಿ ಜೋಸೆಫ್ ಮೊರಾನ್ ಅವರನ್ನು ಮದುವೆಯಾದರು. ಅವರೂ ನಟರಾಗಿದ್ದವರೇ, ಮುಂದೆ ಜಾಹೀರಾತು ಉದ್ಯಮಕ್ಕೆ ಹೋದರು. ಇಬ್ಬರು ಮಕ್ಕಳನ್ನು ಬೆಳೆಸಲು ರಿಟರ್ ವೇದಿಕೆಯಿಂದ ದೂರ ಉಳಿದರು, ಮತ್ತೆ ದುಡಿಮೆಗೆ ಮರಳಿದ್ದು ರೇಡಿಯೋ ಮೂಲಕ.

ತುಂಗಾತೀರ

ಅವರ ಮೊದಲ ಚಿತ್ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ (1947) ನನ್ನ ಮಕ್ಕಳಿಗೆ ಬಲು ಇಷ್ಟ. ನಿರ್ದೇಶಕ ಜಾರ್ಜ್ ಸೀಟನ್ ಅವರಿಗೆ ಪರಿಚಯದವರು. ಮೇಸೀಸ್ ಅಂಗಡಿಯಲ್ಲಿ ಮಗನಿಗಾಗಿ ಆಟಿಕೆಯ ಅಗ್ನಿಶಾಮಕ ವಾಹನ ಹುಡುಕಿ ಹುಡುಕಿ ಕಾಲು ಸೋತ ತಾಯಿಯ ಪಾತ್ರ. ಅದು ಬೇರೆ ಅಂಗಡಿಯಲ್ಲಿ ಸಿಗುತ್ತದೆ ಎಂದು ಸಾಂತಾಕ್ಲಾಸ್ ವೇಷದವನೇ ಹೇಳಿಬಿಡುತ್ತಾನೆ. ಆ ತಾಯಿಗೆ ತನ್ನ ಕಿವಿಯ ಮೇಲೆಯೇ ನಂಬಿಕೆ ಬರುವುದಿಲ್ಲ. ಆಮೇಲೆ ಅಂಗಡಿಯ ಮೇಲ್ವಿಚಾರಕನನ್ನು ಹುಡುಕಿಕೊಂಡು ಹೋಗಿ, ಇನ್ನು ಮುಂದೆ ತಾನು ಈ ಅಂಗಡಿಯ ಕಾಯಂ ಗಿರಾಕಿ ಎಂದು ಹೇಳುತ್ತಾಳೆ. ಇಷ್ಟೇ ಪಾತ್ರ. ಹೆಸರಿನ ಪಟ್ಟಿಯಲ್ಲಿ ಅವರ ಹೆಸರೂ ಇಲ್ಲ. ಆದರೆ ಫಾಕ್ಸ್ ಸ್ಟುಡಿಯೋದ ಮುಖ್ಯಸ್ಥ ಡ್ಯಾರಿಲ್ ಝಾನಕ್ ಅದನ್ನು ನೋಡಿ ಆ ಪಾತ್ರವನ್ನು ಇನ್ನಷ್ಟು ಬೆಳೆಸಲು ಹೇಳಿದರು.

ಎರಡು ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತ ತಾಯಿಯ ಮುಖ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಆ ಮುಖವನ್ನು ಸ್ಟುಡಿಯೋ ದೀಪಗಳ ಕೆಳಗೂ ಹಾಗೆಯೇ ಉಳಿಸಿಕೊಂಡದ್ದು ದೊಡ್ಡ ಮಾತು.

ಸಂಕಲನದ ಮೇಜು

ಅದರ ನಂತರ ‘ಎ ಲೆಟರ್ ಟು ತ್ರೀ ವೈವ್ಸ್’ (1949). ಅಲ್ಲಿಯೂ ಅವರ ಹೆಸರು ಪಟ್ಟಿಯಲ್ಲಿಲ್ಲ. ಅದೂ ಮ್ಯಾಂಕೀವಿಚ್ ಚಿತ್ರವೇ. ಅಲ್ಲಿ ರಿಟರ್ ಅವರನ್ನು ನೋಡಿದ ಮೇಲೆ ಬರ್ಡಿಯ ಪಾತ್ರವನ್ನು ಅವರಿಗೆಂದೇ ಬರೆದರು. ಈಗ ಹೇಳಿ, ಅವರಿಗೆಂದೇ ಬರೆದ ಪಾತ್ರವನ್ನು ಅಲಕ್ಷ್ಯದಿಂದ ಕೈಬಿಡುತ್ತಾರೆಯೇ?

ಶುಶ್ರೂಷಕಿ, ಹುಬ್ಬಳ್ಳಿ

ನಾನು ಹೆಚ್ಚು ಇಂಗ್ಲಿಷ್ ಚಿತ್ರಗಳನ್ನು ನೋಡಿದವಳಲ್ಲ. ಆದರೆ ‘ರಿಯರ್ ವಿಂಡೋ’ (1954) ನೋಡಿದ್ದೇನೆ, ನಾಲ್ಕು ಸಲ. ಕಾರಣ ಸ್ಟೆಲ್ಲಾ. ವಿಮಾ ಕಂಪನಿ ಕಳುಹಿಸಿದ ನರ್ಸ್. ನಾನು ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು. ಮನೆಗೆ ಹೋಗಿ ಆರೈಕೆ ಮಾಡಿದ್ದೂ ಉಂಟು. ಸಿನಿಮಾದಲ್ಲಿ ನರ್ಸ್ ಎಂದರೆ ಬಿಳಿ ಬಟ್ಟೆ ತೊಟ್ಟು ಟ್ರೇ ಹಿಡಿದು ಬಂದು ಹೋಗುವವಳು. ಸ್ಟೆಲ್ಲಾ ಹಾಗಲ್ಲ. ಬಾಗಿಲು ತೆರೆದು ಒಳಗೆ ಬರುವ ಮೊದಲೇ ರೋಗಿ ಏನು ಮಾಡುತ್ತಿದ್ದಾನೆಂದು ನೋಡಿರುತ್ತಾಳೆ. ಕಿಟಕಿಯಿಂದ ಇಣುಕುವುದು ತಪ್ಪು ಎಂದು ಬೈಯುತ್ತಲೇ ಥರ್ಮಾಮೀಟರ್ ಅವನ ಬಾಯಿಗೆ ಇಡುತ್ತಾಳೆ. ಅವನಿಗೆ ಎದುರು ಮಾತನಾಡಲು ಅವಕಾಶವೇ ಇಲ್ಲ. ಈ ಉಪಾಯ ನಾವೆಲ್ಲರೂ ಮಾಡುತ್ತೇವೆ.

ಬೆನ್ನು ತಿಕ್ಕುತ್ತಾ ಮದುವೆಯ ಬಗ್ಗೆ ಬುದ್ಧಿ ಹೇಳುವ ದೃಶ್ಯವಿದೆ. ನಿಜವಾಗಿ ಕೆಲಸ ಮಾಡುವವರ ಕೈಗೂ ಬಾಯಿಗೂ ಸಂಬಂಧವಿರುವುದಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ, ಬಾಯಿ ಲೋಕದ ಸುದ್ದಿ ಹೇಳುತ್ತಿರುತ್ತದೆ. ರಿಟರ್ ಅವರ ಕೈ ಎಲ್ಲಿಯೂ ನಟಿಸುವುದಿಲ್ಲ. ಇದನ್ನು ಅವರಿಗೆ ಯಾರು ಕಲಿಸಿದರೋ ಅವರಿಗೆ ನನ್ನ ನಮಸ್ಕಾರ.

ಹಳೆಯ ಪ್ರೊಜೆಕ್ಟರ್

ಅಕ್ಕ, ನಿಮ್ಮ ಬರಹ ಓದಿ ಆ ದೃಶ್ಯವನ್ನು ಈಗ ಮತ್ತೆ ನೋಡಿ ಬಂದೆ. ಕೈಯ ವಿಷಯ ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ.

1929ರ ಷೇರುಪೇಟೆ ಕುಸಿತವನ್ನು ತಾನು ಮೊದಲೇ ಊಹಿಸಿದ್ದೆ ಎಂದು ಸ್ಟೆಲ್ಲಾ ಹೇಳುವುದೂ ಅಲ್ಲಿಯೇ. ಜನರಲ್ ಮೋಟಾರ್ಸ್‌ನ ಒಬ್ಬ ನಿರ್ದೇಶಕನ ಆರೈಕೆ ಮಾಡುತ್ತಿದ್ದಳಂತೆ. ಅವನಿಗೆ ಮೂತ್ರಪಿಂಡದ ತೊಂದರೆ ಎಂದು ವೈದ್ಯರು ಹೇಳಿದರೆ ಇವಳು ಅಲ್ಲ, ಇದು ಗಾಬರಿ ಎಂದಳಂತೆ. ಅಂಥವನೇ ದಿನಕ್ಕೆ ಹತ್ತು ಸಲ ಶೌಚಾಲಯಕ್ಕೆ ಓಡುತ್ತಿದ್ದಾನೆಂದರೆ ದೇಶದ ಗತಿ ಏನೆಂದು ಲೆಕ್ಕ ಹಾಕಿದಳಂತೆ. ಒಂದು ದೇಶದ ಅರ್ಥಶಾಸ್ತ್ರವನ್ನು ಬೆಡ್‌ಪ್ಯಾನ್ ತೊಳೆಯುವವಳ ಕಡೆಯಿಂದ ನೋಡುವ ಮಾತು ಅದು. ಬೇರೆ ನಟಿಯ ಬಾಯಲ್ಲಿ ಇದು ಬರಿಯ ನಗೆಮಾತಾಗಿ ಹೋಗುತ್ತಿತ್ತು. ರಿಟರ್ ಹೇಳಿದಾಗ ನಂಬಿಕೆ ಬರುತ್ತದೆ.

ಸಂಕಲನದ ಮೇಜು

‘ರಿಯರ್ ವಿಂಡೋ’ದಲ್ಲಿ ಸ್ಟೆಲ್ಲಾಳ ಸ್ಥಾನ ಬಲು ಮುಖ್ಯವಾದದ್ದು. ನಿರ್ದೇಶಕ ಹಿಚ್‌ಕಾಕ್ ಪ್ಯಾರಾಮೌಂಟ್ ಸ್ಟುಡಿಯೋದೊಳಗೆ ಇಡೀ ಅಂಗಳವನ್ನು, 31 ಮನೆಗಳನ್ನು ಕಟ್ಟಿಸಿದರು. ಕ್ಯಾಮೆರಾ ಹೆಚ್ಚು ಕಡಿಮೆ ಒಂದೇ ಕೋಣೆಯಲ್ಲಿ. ಕಾಲು ಮುರಿದ ಜೇಮ್ಸ್ ಸ್ಟೀವರ್ಟ್ ಕಿಟಕಿಯ ಬಳಿ ಕುಳಿತು ಕೊಲೆಯನ್ನು ಶಂಕಿಸುತ್ತಾನೆ. ಅವನ ಶಂಕೆ ಹುಚ್ಚೋ ನಿಜವೋ ಎಂದು ನಾವು ಅಳೆಯುವುದು ಸ್ಟೆಲ್ಲಾಳನ್ನು ನೋಡಿ. ಮೊದಲು ಬೈಯುತ್ತಾಳೆ. ಮರುದಿನ ಅವನು ಉಪಾಹಾರ ತಿನ್ನುತ್ತಿರುವಾಗ, ಹೆಣವನ್ನು ಎಲ್ಲಿ ಕತ್ತರಿಸಿರಬಹುದು, ಸ್ನಾನದ ತೊಟ್ಟಿಯಲ್ಲಿಯೇ ಇರಬೇಕು, ರಕ್ತ ತೊಳೆಯಲು ಅದೇ ಅನುಕೂಲ ಎಂದು ಮಾರುಕಟ್ಟೆಯ ಲೆಕ್ಕ ಹೇಳಿದಷ್ಟು ಸಹಜವಾಗಿ ಹೇಳುತ್ತಾಳೆ. ಅವನ ಕೈಯ ತುತ್ತು ಅಲ್ಲಿಯೇ ನಿಲ್ಲುತ್ತದೆ. ಚಿತ್ರದ ಕೊನೆಯ ಹೊತ್ತಿಗೆ ಗುದ್ದಲಿ ಹಿಡಿದು ಹೂವಿನ ಪಾತಿ ಅಗೆಯಲು ಗ್ರೇಸ್ ಕೆಲ್ಲಿ ಜೊತೆ ಇಳಿಯುವವಳೂ ಅವಳೇ. ಪ್ರೇಕ್ಷಕರಾದ ನಾವು ಅದೇ ದಾರಿಯಲ್ಲಿ ಅವಳ ಹಿಂದೆ ನಡೆದಿರುತ್ತೇವೆ.

ನೇರ ಮಾತು

ಎಲ್ಲರೂ ಹೊಗಳುತ್ತಿದ್ದೀರಿ. ಹೊಗಳಿಕೆಗೆ ಅವರು ಅರ್ಹರು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೆಲಸದಾಕೆ, ನರ್ಸ್, ಕೆಲಸದಾಕೆ, ತಾಯಿ, ಮತ್ತೆ ಕೆಲಸದಾಕೆ. ಹಾಲಿವುಡ್ ಅವರಿಗೆ ಕೊಟ್ಟದ್ದು ಅಡುಗೆಮನೆಯ ಬಾಗಿಲು. ಇದರ ಬಗ್ಗೆ ಸಿಟ್ಟು ಬರಬೇಕಲ್ಲವೇ?

ಒಂದು ಉದಾಹರಣೆ ಕೊಡುತ್ತೇನೆ. 1955ರಲ್ಲಿ ಪ್ಯಾಡಿ ಚಾಯೆಫ್ಸ್ಕಿ ಬರೆದ ‘ದಿ ಕೇಟರ್ಡ್ ಅಫೇರ್’ ಟಿವಿ ನಾಟಕದಲ್ಲಿ ಮಗಳ ಮದುವೆಗೆ ಹಣ ಹೊಂದಿಸಲು ಒದ್ದಾಡುವ ತಾಯಿಯ ಮುಖ್ಯ ಪಾತ್ರ ರಿಟರ್ ಅವರದು. ಮರುವರ್ಷ ಅದೇ ಸಿನಿಮಾ ಆದಾಗ ಪಾತ್ರ ಯಾರಿಗೆ ಹೋಯಿತು ಗೊತ್ತೇ? ಬೆಟ್ಟಿ ಡೇವಿಸ್ ಅವರಿಗೆ. ಆರು ವರ್ಷ ಹಿಂದೆ ಯಾರ ಉಡುಗೆ ಎತ್ತಿಕೊಡುವ ಪಾತ್ರ ಮಾಡಿದ್ದರೋ ಅವರಿಗೇ. ಡೇವಿಸ್ ದೊಡ್ಡ ನಟಿ, ಒಪ್ಪುತ್ತೇನೆ. ಆದರೆ ಬ್ರಾಂಕ್ಸ್‌ನ ಟ್ಯಾಕ್ಸಿ ಚಾಲಕನ ಹೆಂಡತಿಯಾಗಲು ಡೇವಿಸ್ ಶ್ರಮಪಟ್ಟು ನಟಿಸಬೇಕಿತ್ತು. ರಿಟರ್ ಸುಮ್ಮನೆ ಬಂದು ಕುರ್ಚಿಯಲ್ಲಿ ಕುಳಿತರೆ ಸಾಕಾಗುತ್ತಿತ್ತು.

ತುಂಗಾತೀರ

ಇದು ನನಗೆ ಗೊತ್ತಿರಲಿಲ್ಲ. ಓದಿ ನಿಜಕ್ಕೂ ಬೇಸರವಾಯಿತು.

ನ್ಯೂಜೆರ್ಸಿಯಿಂದ

‘ನೇರ ಮಾತು’ ಅವರೇ, ಸಿಟ್ಟು ಸರಿಯಾದದ್ದೇ. ಆದರೆ ಅದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಒಯ್ಯಬೇಕು. ಕೆಲಸದಾಕೆಯ ಪಾತ್ರ ರಿಟರ್ ಅವರಿಗೆ ಒಂದು ಬಾಗಿಲಾಯಿತು. ಅದೇ ಪಾತ್ರ ಹ್ಯಾಟಿ ಮೆಕ್‌ಡೇನಿಯಲ್, ಲೂಯಿಸ್ ಬೀವರ್ಸ್ ಅವರಂಥ ಕಪ್ಪು ನಟಿಯರಿಗೆ ಗೋಡೆಯಾಗಿತ್ತು. ಮೆಕ್‌ಡೇನಿಯಲ್ ‘ಗಾನ್ ವಿತ್ ದಿ ವಿಂಡ್’ ಚಿತ್ರಕ್ಕಾಗಿ ಪೋಷಕ ನಟಿ ಆಸ್ಕರ್ ಗೆದ್ದರು. 1940ರ ಆ ರಾತ್ರಿ ಅವರನ್ನು ಸಭಾಂಗಣದ ಬದಿಯಲ್ಲಿ ಬೇರೆ ಮೇಜಿನ ಬಳಿ ಕೂರಿಸಿದ್ದರು. ಆಗ ಪೋಷಕ ನಟ ನಟಿಯರಿಗೆ ಕೊಡುತ್ತಿದ್ದುದು ಫಲಕ ಮಾತ್ರ. ಪೂರ್ಣ ಗಾತ್ರದ ಪ್ರತಿಮೆ ಸಿಗತೊಡಗಿದ್ದು 1944ರ ಸಮಾರಂಭದಿಂದ. ಆಸ್ಕರ್ ಗೆದ್ದ ಮೇಲೂ ಮೆಕ್‌ಡೇನಿಯಲ್ ಅವರಿಗೆ ಬಂದದ್ದು ಅದೇ ಏಪ್ರನ್ನಿನ ಪಾತ್ರಗಳು. ರಿಟರ್ ಏಪ್ರನ್ ಕಳಚಿಟ್ಟು ಬೇರೆ ಕಡೆಗೂ ಹೋಗಬಹುದಿತ್ತು, ಹೋದರು ಕೂಡ.

ನೇರ ಮಾತು

ಈ ಮಾತನ್ನು ಒಪ್ಪುತ್ತೇನೆ. ನಾನು ಅರ್ಧವನ್ನಷ್ಟೇ ನೋಡಿದ್ದೆ.

ಕಪ್ಪು ಬಿಳುಪು

ಬೇರೆ ಕಡೆಗೆ ಹೋದರು ಎಂದಿರಿ. ಹಾಗಾದರೆ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ (1953) ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಏಕೆ ಬರೆದಿಲ್ಲ? ನನ್ನ ಮಟ್ಟಿಗೆ ರಿಟರ್ ಎಂದರೆ ಆ ಚಿತ್ರದ ಮೋ.

ಸ್ಯಾಮ್ಯುಯೆಲ್ ಫುಲ್ಲರ್ ಬರೆದು ನಿರ್ದೇಶಿಸಿದ ಚಿತ್ರ. ಮೋ ಬೀದಿಯಲ್ಲಿ ನೆಕ್‌ಟೈ ಮಾರುತ್ತಾಳೆ. ಅದು ಹೊರಗಿನ ಕಸುಬು. ಒಳಗಿನ ಕಸುಬು ಜೇಬುಗಳ್ಳರ ಸುಳಿವನ್ನು ಪೊಲೀಸರಿಗೆ ಮಾರುವುದು. ಕಳವು ನಡೆದ ಬಗೆಯನ್ನು ಕೇಳಿದರೆ ಸಾಕು, ಅದು ಯಾರ ಕೈಚಳಕ ಎಂದು ಹೇಳಬಲ್ಲಳು. ಪೊಲೀಸ್ ಅಧಿಕಾರಿಯ ಜೊತೆ ದರಕ್ಕೆ ಚೌಕಾಸಿ ಮಾಡುತ್ತಾಳೆ, ಜೀವನವೆಚ್ಚ ಏರಿದೆ ಎಂದು ಲೆಕ್ಕ ಒಪ್ಪಿಸುತ್ತಾಳೆ. ಅವಳು ಹಿಡಿದುಕೊಟ್ಟ ಕಳ್ಳ ಸ್ಕಿಪ್‌ಗೂ ಅವಳ ಮೇಲೆ ಕೋಪವಿಲ್ಲ. ಅವಳಿಗೂ ಹೊಟ್ಟೆಪಾಡಿದೆ ಎನ್ನುತ್ತಾನೆ.

ಮೋ ಹಣ ಕೂಡಿಡುವುದು ತನ್ನ ಸಾವಿಗಾಗಿ. ಅನಾಥ ಶವಗಳನ್ನು ಹೂಳುವ ಜಾಗಕ್ಕೆ ತನ್ನ ದೇಹ ಹೋಗಬಾರದು, ಒಂದು ಒಳ್ಳೆಯ ಸ್ಮಶಾನದಲ್ಲಿ ತನ್ನದೇ ಆರಡಿ ಜಾಗ ಬೇಕು. ಬದುಕಿನಲ್ಲಿ ಅವಳಿಗೆ ಉಳಿದಿರುವ ಆಸೆ ಇದೊಂದೇ. ಕೊನೆಗೆ ಸ್ಕಿಪ್‌ನ ವಿಳಾಸ ಕೇಳಿಕೊಂಡು ಕೊಲೆಗಡುಕನೊಬ್ಬ ಅವಳ ಕೋಣೆಗೆ ಬರುತ್ತಾನೆ. ಜೀವನವಿಡೀ ಸುಳಿವು ಮಾರಿದವಳು ಇವನಿಗೆ ಮಾರುವುದಿಲ್ಲ. ಗ್ರಾಮಫೋನ್ ಹಾಡುತ್ತಿರುತ್ತದೆ. ಅವಳು ಹಾಸಿಗೆಯಲ್ಲಿ ಒರಗಿ, ತಾನೆಷ್ಟು ದಣಿದಿದ್ದೇನೆ ಎಂದು ಹೇಳುತ್ತಾಳೆ, ನಿಂತುಹೋಗಲಿರುವ ಹಳೆಯ ಗಡಿಯಾರದ ಹಾಗೆ. ಅಳು ಇಲ್ಲ, ಬೇಡಿಕೆ ಇಲ್ಲ. ಕ್ಯಾಮೆರಾ ನಿಧಾನಕ್ಕೆ ಅವಳಿಂದ ಸರಿದು ಗ್ರಾಮಫೋನ್ ಕಡೆಗೆ ಹೋಗುತ್ತದೆ. ಗುಂಡಿನ ಸದ್ದು ಮಾತ್ರ ಕೇಳಿಸುತ್ತದೆ.

ಆ ದೃಶ್ಯದ ನಂತರ ನಾನು ಚಿತ್ರವನ್ನು ನಿಲ್ಲಿಸಿ ಮಹಡಿಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ.

ಹಳೆಯ ಪ್ರೊಜೆಕ್ಟರ್

ಆ ವರ್ಷ ಪೋಷಕ ನಟಿ ಪ್ರಶಸ್ತಿ ಹೋಗಿದ್ದು ‘ಫ್ರಮ್ ಹಿಯರ್ ಟು ಇಟರ್ನಿಟಿ’ ಚಿತ್ರದ ಡೋನಾ ರೀಡ್ ಅವರಿಗೆ. ಕೆಟ್ಟ ಆಯ್ಕೆ ಎನ್ನಲಾರೆ. ಆದರೆ ಆರರಲ್ಲಿ ಒಂದು ಸಲ ರಿಟರ್ ಗೆಲ್ಲಲೇಬೇಕಿದ್ದರೆ ಅದು ಆ ವರ್ಷ, ಮೋ ಪಾತ್ರಕ್ಕೆ.

ಉಳಿದವನ್ನೂ ಹೇಳಿಬಿಡುತ್ತೇನೆ. ಬರ್ಡಿಯ ವರ್ಷ ಜೋಸೆಫೀನ್ ಹಲ್ ಗೆದ್ದರು. ಅದೇ ಚಿತ್ರದಿಂದ ಸೆಲೆಸ್ಟ್ ಹೋಮ್ ಕೂಡ ಅದೇ ವಿಭಾಗದಲ್ಲಿದ್ದರು, ಮತಗಳು ಹಂಚಿಹೋಗಿರಲೂಬಹುದು. 1951ರ ‘ದಿ ಮೇಟಿಂಗ್ ಸೀಸನ್’ಗೆ ಎದುರಾದವರು ಕಿಮ್ ಹಂಟರ್, 1952ರ ‘ವಿತ್ ಎ ಸಾಂಗ್ ಇನ್ ಮೈ ಹಾರ್ಟ್’ಗೆ ಗ್ಲೋರಿಯಾ ಗ್ರಹಾಮ್, 1959ರ ‘ಪಿಲ್ಲೋ ಟಾಕ್’ಗೆ ಶೆಲ್ಲಿ ವಿಂಟರ್ಸ್, 1962ರ ‘ಬರ್ಡ್‌ಮನ್ ಆಫ್ ಆಲ್ಕಟ್ರಾಜ್’ಗೆ ಪ್ಯಾಟಿ ಡ್ಯೂಕ್. ಮೊದಲ ನಾಲ್ಕು ನಾಮನಿರ್ದೇಶನಗಳು ಸತತ ನಾಲ್ಕು ವರ್ಷ ಬಂದವು. 1955ರಲ್ಲಿ ಆಸ್ಕರ್ ಸಮಾರಂಭ ಎರಡು ಊರುಗಳಲ್ಲಿ ನಡೆದಾಗ ಹಾಲಿವುಡ್‌ನಲ್ಲಿ ಬಾಬ್ ಹೋಪ್, ನ್ಯೂಯಾರ್ಕ್‌ನಲ್ಲಿ ಥೆಲ್ಮಾ ರಿಟರ್ ನಿರೂಪಿಸಿದರು. ಸಮಾರಂಭವನ್ನೇ ನಡೆಸಿಕೊಟ್ಟರು, ಪ್ರತಿಮೆ ಮಾತ್ರ ಕೈಗೆ ಬರಲಿಲ್ಲ.

ತುಂಗಾತೀರ

ರಂಗಭೂಮಿ ಅವರನ್ನು ಕೈಬಿಡಲಿಲ್ಲ. ‘ನ್ಯೂ ಗರ್ಲ್ ಇನ್ ಟೌನ್’ ಎಂಬ ಸಂಗೀತ ನಾಟಕಕ್ಕೆ 1958ರಲ್ಲಿ ಟೋನಿ ಪ್ರಶಸ್ತಿ ಬಂತು, ಅದೂ ಮುಖ್ಯ ನಟಿ ವಿಭಾಗದಲ್ಲಿ. ಅದೇ ನಾಟಕದ ನಾಯಕಿ ಗ್ವೆನ್ ವರ್ಡನ್ ಜೊತೆ ಸಮಸಮ. ಯೂಜೀನ್ ಓನೀಲ್ ಅವರ ‘ಆನಾ ಕ್ರಿಸ್ಟಿ’ಯನ್ನು ಆಧರಿಸಿದ ನಾಟಕ ಅದು, ಇವರದು ಬಂದರಿನ ಮುದಿ ಕುಡುಕಿ ಮಾರ್ತಿಯ ಪಾತ್ರ.

ಇನ್ನೊಂದು ಮಾತು. ಇಂಗ್ಲಿಷಿನವರು ಸಪೋರ್ಟಿಂಗ್ ಎನ್ನುತ್ತಾರೆ, ಅಂದರೆ ಆಸರೆಯಾಗಿ ನಿಲ್ಲುವುದು, ಊರುಗೋಲಿನ ಹಾಗೆ. ನಾವು ಪೋಷಕ ನಟಿ ಎನ್ನುತ್ತೇವೆ, ಪೋಷಿಸುವವಳು. ಬರ್ಡಿಯನ್ನೂ ಸ್ಟೆಲ್ಲಾಳನ್ನೂ ನೋಡಿದಾಗ ನಮ್ಮ ಪದವೇ ಹೆಚ್ಚು ಸರಿ ಎನಿಸುತ್ತದೆ. ಆ ದೃಶ್ಯಗಳಿಗೆ ಅನ್ನ ಹಾಕಿದವರು ಅವರು.

ಸಂಕಲನದ ಮೇಜು

ಪೋಷಿಸುವವಳು ಎಂಬ ಮಾತು ‘ಬರ್ಡ್‌ಮನ್ ಆಫ್ ಆಲ್ಕಟ್ರಾಜ್’ಗೆ ಸಲ್ಲುವುದಿಲ್ಲ. ಅಲ್ಲಿ ಅವರು ಬರ್ಟ್ ಲ್ಯಾಂಕಾಸ್ಟರ್ ಪಾತ್ರದ ತಾಯಿ. ಸೆರೆಯಲ್ಲಿರುವ ಮಗನನ್ನು ಗಲ್ಲಿನಿಂದ ಉಳಿಸಲು ಹೋರಾಡುತ್ತಾಳೆ. ಅದೇ ಮಗ ಮದುವೆಯಾದಾಗ ಅವನ ವಿರುದ್ಧವೇ ತಿರುಗುತ್ತಾಳೆ. ಮಗ ತನ್ನೊಬ್ಬಳ ಸ್ವತ್ತು ಎಂದುಕೊಂಡವಳ ತಣ್ಣಗಿನ ಮುಖ. ಸ್ಟೆಲ್ಲಾಳ ಕಣ್ಣುಗಳೇ ಅವು, ಆದರೆ ಅಲ್ಲಿ ಭಯ ಹುಟ್ಟಿಸುತ್ತವೆ. ಅವರಿಗೆ ಒಂದೇ ಬಗೆಯ ಪಾತ್ರ ಬರುತ್ತಿತ್ತು ಎನ್ನುವವರು ಇದನ್ನು ನೋಡಬೇಕು.

ನೇರ ಮಾತು

‘ದಿ ಮೇಟಿಂಗ್ ಸೀಸನ್’ ಅನ್ನು ನಮ್ಮವರು ತಪ್ಪದೇ ನೋಡಬೇಕು. ಹ್ಯಾಂಬರ್ಗರ್ ಅಂಗಡಿ ಇಟ್ಟುಕೊಂಡು ಮಗನನ್ನು ಓದಿಸಿದ ತಾಯಿ. ಮಗ ಸಿರಿವಂತರ ಮನೆಯ ಹುಡುಗಿಯನ್ನು ಮದುವೆಯಾಗುತ್ತಾನೆ. ತಾಯಿ ಸೊಸೆಯ ಮನೆಗೆ ಹೋದಾಗ ಸೊಸೆ ಅವಳನ್ನು ಬಾಡಿಗೆ ಅಡುಗೆಯವಳು ಎಂದು ತಿಳಿಯುತ್ತಾಳೆ. ತಾಯಿ ಅದನ್ನು ತಿದ್ದುವುದಿಲ್ಲ. ಏಪ್ರನ್ ಕಟ್ಟಿಕೊಂಡು ಒಳಗೆ ಹೋಗುತ್ತಾಳೆ. ಅತ್ತೆಯೇ ಅಡುಗೆಯವಳಾಗಿ ಸೊಸೆಯ ಮನೆಯಲ್ಲಿರುತ್ತಾಳೆ. ಹೆಸರಿನ ಪಟ್ಟಿಯಲ್ಲಿ ಜೀನ್ ಟಿಯರ್ನಿ ಮೇಲಿರಬಹುದು, ಚಿತ್ರ ನಿಂತಿರುವುದು ರಿಟರ್ ಅವರ ಮೇಲೆ. ನಾಯಕಿಯ ಕೆಲಸ ಮಾಡಿಸಿಕೊಂಡು ಪೋಷಕ ವಿಭಾಗದಲ್ಲಿ ಕೂರಿಸಿದರು.

ನ್ಯೂಜೆರ್ಸಿಯಿಂದ

ಮೋ ಹೆದರುತ್ತಿದ್ದ ಜಾಗ ಕಲ್ಪನೆಯಲ್ಲ. ನ್ಯೂಯಾರ್ಕ್ ನಗರ ತನ್ನ ವಾರಸುದಾರರಿಲ್ಲದ ಶವಗಳನ್ನು 1869ರಿಂದ ಹೂಳುತ್ತಿರುವುದು ಹಾರ್ಟ್ ದ್ವೀಪದಲ್ಲಿ. ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದಾರೆ. ಬಹುಕಾಲ ಅಲ್ಲಿ ಕಂದಕ ತೋಡುತ್ತಿದ್ದವರು ಜೈಲಿನ ಕೈದಿಗಳು. ದ್ವೀಪ ಉದ್ಯಾನ ಇಲಾಖೆಯ ಕೈಗೆ ಬಂದದ್ದು 2021ರಲ್ಲಿ. ಇದು ತಿಳಿದ ಮೇಲೆ ಮೋ ನೆಕ್‌ಟೈ ಮಾರಿ ಒಂದೊಂದು ಡಾಲರ್ ಕೂಡಿಡುವುದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಶುಶ್ರೂಷಕಿ, ಹುಬ್ಬಳ್ಳಿ

‘ಕಪ್ಪು ಬಿಳುಪು’ ಅವರು ಬರೆದದ್ದನ್ನು ಓದಿ ನಿನ್ನೆ ರಾತ್ರಿ ಮೋ ಚಿತ್ರ ನೋಡಿದೆ. ಮಾತು ಪೂರ್ತಿ ಅರ್ಥವಾಗಲಿಲ್ಲ, ಬೇಕಾಗಲೂ ಇಲ್ಲ. ಆ ದಣಿವು ನನಗೆ ಗೊತ್ತು. ರಾತ್ರಿ ಪಾಳಿಯಲ್ಲಿ ವಯಸ್ಸಾದ ಕೆಲವರು ಹಾಗೆ ಮಲಗಿರುತ್ತಿದ್ದರು. ನೋವು ಎಲ್ಲಿ ಎಂದು ಕೇಳಿದರೆ ಇಲ್ಲಿ ಎಂದು ತೋರಿಸುತ್ತಿರಲಿಲ್ಲ, ಸಾಕಾಗಿದೆ ತಂಗಿ ಎನ್ನುತ್ತಿದ್ದರು. ಒಬ್ಬ ಅಜ್ಜಿ ತನ್ನ ಮಣ್ಣಿನ ಖರ್ಚಿಗೆಂದು ಸೀರೆಯ ಸೆರಗಿನಲ್ಲಿ ನೋಟುಗಳನ್ನು ಕಟ್ಟಿಕೊಂಡಿದ್ದಳು. ಮಗ್ಗುಲು ಬದಲಿಸುವಾಗಲೆಲ್ಲ ಮೊದಲು ಆ ಗಂಟನ್ನು ಮುಟ್ಟಿ ನೋಡುತ್ತಿದ್ದಳು.

ಹೆಣದ ಪೆಟ್ಟಿಗೆಗಳನ್ನು ಹೊತ್ತ ದೋಣಿಗೆ ಆ ಕಳ್ಳ ಹುಡುಗ ಹೋಗಿ, ಇವಳನ್ನು ನಾನು ಮಣ್ಣು ಮಾಡುತ್ತೇನೆ ಎಂದು ಪೆಟ್ಟಿಗೆಯನ್ನು ಬಿಡಿಸಿಕೊಂಡು ಬಂದನಲ್ಲ, ಅಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಹಳೆಯ ಪ್ರೊಜೆಕ್ಟರ್

ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಬರ್ಡಿಗೆ ಸಿಗದ ಬೀಳ್ಕೊಡುಗೆ ಮೋಗೆ ಸಿಕ್ಕಿತು ಎಂದು ಇದನ್ನು ಓದುವವರೆಗೆ ನನಗೆ ಹೊಳೆದಿರಲಿಲ್ಲ.

ಶುಶ್ರೂಷಕಿ, ಹುಬ್ಬಳ್ಳಿ

ಈ ಭಾನುವಾರ ಸೊಸೆಯ ಜೊತೆ ಕುಳಿತು ಆ ಅಡುಗೆಯವಳ ಚಿತ್ರ ನೋಡುತ್ತೇನೆ. ಕನ್ನಡದಲ್ಲಿ ಅವಳೇ ಹೇಳುತ್ತಾ ಹೋಗುತ್ತಾಳೆ. ನೋಡಿದ ಮೇಲೆ ಇಲ್ಲಿ ಬರೆಯುತ್ತೇನೆ.